1263ರ ಬಾರ್ಸಿಲೋನಾ ವಾದದಲ್ಲಿ ಗೆದ್ದವರು ಯಾರು?

ಹಳೇಪುಟ (ಪ್ರಶ್ನೆ):
1263ರ ಜುಲೈನಲ್ಲಿ ಅರಗಾನಿನ (ಈಗಿನ ಸ್ಪೇನ್‌ನ ಒಂದು ಭಾಗ) ರಾಜ ಒಂದನೇ ಜೇಮ್ಸ್ ಬಾರ್ಸಿಲೋನಾದಲ್ಲಿ ಯಹೂದಿ-ಕ್ರೈಸ್ತ ವಾದ ನಡೆಸಿದ್ದನ್ನು ಓದುತ್ತಿದ್ದೇನೆ. ಒಂದು ಕಡೆ ಗಿರೋನಾ ಊರಿನ ರಬ್ಬಿ (ಯಹೂದಿ ಧರ್ಮಗುರು) ನಾಹ್ಮನಿಡೀಸ್. ಇನ್ನೊಂದು ಕಡೆ ಪಾಬ್ಲೋ ಕ್ರಿಸ್ಟಿಯಾನಿ, ಯಹೂದಿಯಾಗಿ ಹುಟ್ಟಿ ಆಮೇಲೆ ಕ್ರೈಸ್ತನಾಗಿ ಡೊಮಿನಿಕನ್ ಪಂಥದ ಸನ್ಯಾಸಿಯಾದವನು. ರಬ್ಬಿಯೇ ಬರೆದ ಹೀಬ್ರೂ ಬರಹ ಓದಿದರೆ ಅವರದೇ ಮೇಲುಗೈ, ಲ್ಯಾಟಿನ್ ವರದಿ ನೋಡಿದರೆ ಅವರ ಬಾಯಿ ಕಟ್ಟಿಹೋಯಿತು ಅಂತಿದೆ. ಯಾವುದನ್ನು ನಂಬೋದು?

ಕಡಲತೀರ:
ಗೆಲುವು ಸೋಲು ಬಿಡಿ, ಮೊದಲು ಕಟ್ಟಳೆ ನೋಡಿ. ಕ್ರೈಸ್ತ ಧರ್ಮ ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಅಲ್ಲಿರಲಿಲ್ಲ. ಮೆಸ್ಸೀಯ (ಯಹೂದಿಗಳು ಕಾಯುವ ರಕ್ಷಕ, ಕ್ರೈಸ್ತರ ಪ್ರಕಾರ ಅವನೇ ಯೇಸು) ಆಗಲೇ ಬಂದಿದ್ದಾನೆ ಅಂತ ಯಹೂದಿಗಳದೇ ಧರ್ಮಗ್ರಂಥವಾದ ತಾಲ್ಮುಡ್‌ನಿಂದ ತೋರಿಸುವುದು ಪಾಬ್ಲೋನ ಕೆಲಸ, ಅದಕ್ಕೆ ಉತ್ತರ ಕೊಡುವುದು ರಬ್ಬಿಯ ಕೆಲಸ, ಅಷ್ಟೇ. ಒಬ್ಬರಿಗೆ ಬರೀ ತಡೆಯುವ ಅವಕಾಶ ಕೊಟ್ಟು ಇದನ್ನು ವಾದ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಮಾತಾಡಲು ಸ್ವಾತಂತ್ರ್ಯ ಬೇಕು ಅಂತ ರಬ್ಬಿ ಮೊದಲೇ ರಾಜನನ್ನು ಕೇಳಿ ಪಡೆದುಕೊಂಡಿದ್ದರು, ಅದು ಅವರ ಜಾಣತನ.

ಎತ್ತಿನಗಾಡಿ:
ನನಗೆ ತುಂಬಾ ಇಷ್ಟವಾದ ಜಾಗ ಎತ್ತಿನ ಕಥೆ. ಒಬ್ಬ ಯಹೂದಿ ಹೊಲ ಉಳುತ್ತಿರುತ್ತಾನೆ, ಎತ್ತು ಕೂಗುತ್ತದೆ. ದಾರಿಹೋಕ ಅರಬನೊಬ್ಬ ಅದನ್ನು ಕೇಳಿ, ನೊಗ ಬಿಚ್ಚು, ನಿಮ್ಮ ಜೆರುಸಲೇಮಿನ ದೇವಾಲಯ ಬಿತ್ತು ಅನ್ನುತ್ತಾನೆ. ಎತ್ತು ಇನ್ನೊಮ್ಮೆ ಕೂಗಿದಾಗ, ನೊಗ ಕಟ್ಟು, ನಿಮ್ಮ ಮೆಸ್ಸೀಯ ಹುಟ್ಟಿದ ಅನ್ನುತ್ತಾನೆ. ನೋಡಿ, ನಿಮ್ಮ ಪುಸ್ತಕವೇ ಒಪ್ಪಿದೆ ಅಂತ ಪಾಬ್ಲೋ ಹಿಡಿದ.

ರಬ್ಬಿ ಸೀದಾ ಹೇಳಿದರು, ಈ ಕಥೆಯನ್ನು ನಾನು ನಂಬುವುದಿಲ್ಲ. ಆದರೂ ಅಕ್ಷರಶಃ ನಿಜ ಅಂತಲೇ ಇಟ್ಟುಕೊಳ್ಳೋಣ, ದೇವಾಲಯ ಬಿದ್ದದ್ದು ಯೇಸು ಹುಟ್ಟಿ ಎಷ್ಟೋ ವರ್ಷ ಆದಮೇಲೆ, ಹಾಗಾದರೆ ಆ ದಿನ ಹುಟ್ಟಿದವನು ಯೇಸು ಅಲ್ಲ, ಅಲ್ವಾ? ಆಗ ರಾಜನ ನ್ಯಾಯಾಧೀಶ ಎದ್ದು, ಈಗ ಮಾತು ಯೇಸುವಿನದಲ್ಲ, ಮೆಸ್ಸೀಯ ಬಂದನೋ ಇಲ್ಲವೋ ಅನ್ನುವುದು ಮಾತ್ರ ಅಂದನಂತೆ. ಕಡಲತೀರ ಹೇಳಿದ ಕಟ್ಟಳೆ ಹೇಗೆ ಕೆಲಸ ಮಾಡಿತು ಅಂತ ಇಲ್ಲೇ ಕಾಣುತ್ತದೆ. ಇದೆಲ್ಲ ರಬ್ಬಿಯ ಬರಹದಿಂದಲೇ ಗೊತ್ತಾಗಿದ್ದು ಅನ್ನೋದೂ ನೆನಪಿರಲಿ.

ಹಳೇಪುಟ:
ಆದರೆ ತಮ್ಮದೇ ಗ್ರಂಥದ ಕಥೆ ನಂಬಲ್ಲ ಅಂದರೆ ಹೇಗೆ? ಸುಮ್ನೆ ತಪ್ಪಿಸಿಕೊಳ್ಳಲು ಹೇಳಿದ್ದಾ?

ಎತ್ತಿನಗಾಡಿ:
ನನಗೆ ಹಾಗನ್ನಿಸುವುದಿಲ್ಲ. ಬೈಬಲ್ ಮೇಲೆ ಪೂರ್ತಿ ನಂಬಿಕೆ, ಆಚಾರದ ವಿಷಯಕ್ಕೆ ತಾಲ್ಮುಡ್, ಇಂಥ ಕಥೆಗಳು ಮಾತ್ರ ಬಿಷಪ್ ನಿಂತು ಮಾಡುವ ಉಪದೇಶದ ಹಾಗೆ, ಬೇಕಾದವರು ನಂಬಬಹುದು ಅಂತ ಅವರೇ ಅಲ್ಲಿ ಬಿಡಿಸಿ ಹೇಳಿದ್ದಾರೆ. ಕಥೆಗಳನ್ನು ಹೀಗೆ ಬೇರೆ ಇಡುವುದು ಯಹೂದಿ ಪಂಡಿತರಲ್ಲಿ ಮೊದಲೇ ಇತ್ತು.

ಕಡಲತೀರ:
ಮುಂದೇನಾಯಿತು ಅನ್ನುವುದನ್ನೂ ನೋಡಿ. ರಾಜ ಅವರಿಗೆ 300 ನಾಣ್ಯ ಕೊಟ್ಟು ಕಳಿಸಿದ ಅಂತ ರಬ್ಬಿ ಬರೆದಿದ್ದಾರೆ. ಆದರೆ ಆ ಬರಹದ ಮೇಲೇ 1265ರಲ್ಲಿ ಡೊಮಿನಿಕನ್ನರು ದೂರು ಕೊಟ್ಟರು. 70 ದಾಟಿದ ಮನುಷ್ಯ ಹುಟ್ಟಿದ ನಾಡು ಬಿಟ್ಟು, 1267ರಲ್ಲಿ ಜೆರುಸಲೇಮ್ ಮುಟ್ಟಿದರು. ಪಾಬ್ಲೋ ಮಾತ್ರ ರಾಜನ ಅಪ್ಪಣೆ ಹಿಡಿದುಕೊಂಡು ಊರೂರಿನ ಯಹೂದಿಗಳಿಗೆ ಉಪದೇಶ ಮಾಡುತ್ತಾ ತಿರುಗಿದ, ಅವರು ಕೂತು ಕೇಳಲೇಬೇಕಿತ್ತು.