ಊರೊಳಗೆ ಟೆಂಪರೇಚರ್ ಏರುತ್ತೆ, ಹೈವೇಯಲ್ಲಿ ಏನೂ ಇಲ್ಲ. ಒಂದೂವರೆ ತಿಂಗಳಿಂದ ಸಾಕಾಗಿದೆ, ಸಹಾಯ ಮಾಡಿ

ಕೋಟೆಬೆಟ್ಟ34
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಸುಧಾ ಕ್ರಾಸ್ ರೈಲ್ವೆ ಗೇಟ್ ಬಿದ್ದರೆ ಸಾಕು, ಐದೇ ನಿಮಿಷಕ್ಕೆ ನನ್ನ ಗಾಡಿಯ ಟೆಂಪರೇಚರ್ ಮುಳ್ಳು ಮೇಲೆ ಹತ್ತುತ್ತೆ, ಅದರ ಹಿಂದೆಯೇ ಎಸಿ ಬಿಸಿ ಗಾಳಿ ಬಿಡುತ್ತೆ. ರಾಯಲ್ ಸರ್ಕಲ್ ಸಿಗ್ನಲ್‌ನಲ್ಲೂ ಅದೇ ಕಥೆ. ಹೊಸಪೇಟೆ ಹೈವೇಗೆ ಬಿಟ್ಟರೆ ಎಲ್ಲ ಸರಿ, 80ರಲ್ಲಿ ಹೋಗುವಾಗ ಮುಳ್ಳು ನಡುವೆಯೇ ನಿಂತಿರುತ್ತೆ, ಎಸಿನೂ ತಣ್ಣಗೆ. ಮೊನ್ನೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಎಸಿ ಆಫ್ ಮಾಡಿ ಕಿಟಕಿ ಇಳಿಸಿ ಕೂತೆವು. ಆ ಬಿಸಿಲಲ್ಲಿ ಅವರ ಮುಖ ನೋಡಿ ಹೊಟ್ಟೆ ಉರಿಯಿತು. ಮೂರು ಗ್ಯಾರೇಜ್ ಆಯ್ತು. ಒಬ್ಬರು ಎಸಿ ಗ್ಯಾಸ್ ತುಂಬಿದರು, ಒಬ್ಬರು ಎಂಜಿನ್ ತಂಪು ಮಾಡುವ ಕೂಲೆಂಟ್ ಬದಲಿಸಿದರು, ಮೂರನೆಯವರು ಎಂಜಿನ್ ಒಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ರೇಡಿಯೇಟರ್ ಫ್ಯಾನ್ ತಿರುಗುತ್ತಿದೆ, ಅದನ್ನು ಮಾತ್ರ ಹೇಳಬೇಡಿ. ನಾನೇ ಬೋನೆಟ್ ಎತ್ತಿ ಕಣ್ಣಾರೆ ನೋಡಿದ್ದೇನೆ.

ತೋರಣಗಲ್ಲು_ನೈಟ್‌ಶಿಫ್ಟ್
ಯಾವ ಗಾಡಿ ಅಣ್ಣ? ಪೆಟ್ರೋಲಾ, ಡೀಸೆಲ್ಲಾ? ಎಷ್ಟು ಕಿಲೋಮೀಟರ್ ಓಡಿದೆ?

ಕೋಟೆಬೆಟ್ಟ34
ಪೆಟ್ರೋಲ್, ಸಣ್ಣ ಗಾಡಿ, 2016ರದ್ದು. 70 ಸಾವಿರದ ಮೇಲೆ ಓಡಿದೆ.

ಗಂಗಾವತಿ_ಸೋನಾಮಸೂರಿ
ಸರ್, ಇದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಬೇರೆ ಏನೂ ಯೋಚನೆ ಮಾಡಬೇಡಿ. ನನ್ನ ಹಳೇ ಗಾಡಿಗೆ ಹೀಗೇ ಆಗಿತ್ತು. ಎರಡು ಬೇಸಿಗೆ ಒದ್ದಾಡಿ ಕೊನೆಗೆ ಥರ್ಮೋಸ್ಟಾಟ್ ತೆಗೆಸಿ ಹಾಗೇ ಓಡಿಸಿದೆ, ಗಾಡಿ ಮಾರುವ ತನಕ ಬಿಸಿ ಆಗಲೇ ಇಲ್ಲ. ನಮ್ಮ ಕಡೆಯ ಬಿಸಿಲಿಗೆ ಅದು ಬೇಕಾಗಿಯೇ ಇಲ್ಲ.

ಕೊಪ್ಪಳ_ಮೇಸ್ತ್ರಿ
ದಯವಿಟ್ಟು ಹಾಗೆ ಹೇಳಿಕೊಡಬೇಡಿ ಸರ್. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಬೇಗ ಬಿಸಿ ಏರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲ್ ಕೆಡುತ್ತೆ. ಇನ್ನೊಂದು ವಿಷಯ. ಅದು ಮುಚ್ಚಿಕೊಂಡು ಸಿಕ್ಕಿಹಾಕಿಕೊಂಡಿದ್ದರೆ ಹೈವೇಯಲ್ಲೂ ಬಿಸಿ ಆಗಲೇಬೇಕು. ಅಲ್ಲಿ ಎಂಜಿನ್ ಇನ್ನೂ ಜಾಸ್ತಿ ದುಡಿಯುತ್ತೆ ಅಲ್ವಾ?

ಗಂಗಾವತಿ_ಸೋನಾಮಸೂರಿ
ಅರ್ಧ ತೆರೆದು ನಿಂತರೆ? ಆಗ ಹೈವೇಯಲ್ಲಿ ಗಾಳಿ ಸಿಕ್ಕಿ ಸಂಭಾಳಿಸುತ್ತೆ, ಊರೊಳಗೆ ಕೈ ಕೊಡುತ್ತೆ. ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಬಿಡಿ. 82ರಿಂದ 88 ಡಿಗ್ರಿ ಒಳಗೆ ತೆರೆಯಬೇಕು, ತೆರೆಯದಿದ್ದರೆ ನಾನು ಹೇಳಿದ್ದೇ ಸರಿ.

ಕೋಟೆಬೆಟ್ಟ34
ಬಿಚ್ಚಿಸಿದೆ. ಪಾತ್ರೆಯಲ್ಲಿ ಹಾಕಿ ನೋಡಿದೆವು, ಪೂರ್ತಿ ತೆರೆಯಿತು. ಆದರೂ ಹೊಸದೇ ಹಾಕಿಸಿದೆ. ಏನೂ ವ್ಯತ್ಯಾಸ ಇಲ್ಲ.

ಗಂಗಾವತಿ_ಸೋನಾಮಸೂರಿ
ಕಂಪನಿದು ಹಾಕಿಸಿದಿರಾ, ಲೋಕಲ್ ಮಾಲಾ? ಲೋಕಲ್ ಆದರೆ ನಂಬುವ ಹಾಗಿಲ್ಲ.

ರಾಯಚೂರು_ಡೀಸೆಲ್36
ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ನನ್ನ ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬಿಡುತ್ತೆ, ಹತ್ತು ನಿಮಿಷಕ್ಕೆ ನಿಲ್ಲುತ್ತೆ. ಇದೂ ಥರ್ಮೋಸ್ಟಾಟ್ ಇರಬಹುದಾ?

ಸಿರುಗುಪ್ಪ_ಕಾಲುವೆ
ಕೋಟೆಬೆಟ್ಟ ಅವರೇ, ಕೂಲೆಂಟ್ ಬದಲಿಸಿದವರು ಯಾವ ನೀರು ಬೆರೆಸಿದರು? ಬೋರ್ ನೀರಾದರೆ ರೇಡಿಯೇಟರ್ ಒಳಗೆ ಸುಣ್ಣದ ಹಾಗೆ ಕಟ್ಟುತ್ತೆ. ನಮ್ಮಲ್ಲಿ ಕೆಲವು ಕಡೆ ಸವಳು ನೀರು, ಸ್ಟೀಲ್ ಬಿಂದಿಗೆಯಲ್ಲೇ ಬಿಳಿ ಕಟ್ಟುತ್ತೆ, ರೇಡಿಯೇಟರಿನ ಸಣ್ಣ ಕೊಳವೆ ಏನಾಗಬೇಡ. ಮುಚ್ಚಳವನ್ನೂ ನೋಡಿ. ಅದು ಗಟ್ಟಿ ಇದ್ದರೆ ಒಳಗೆ ಒತ್ತಡ ನಿಂತು ನೀರು ಸುಮಾರು 120 ಡಿಗ್ರಿ ತನಕ ಕುದಿಯದೆ ತಡೆಯುತ್ತೆ, ಸಡಿಲವಾಗಿದ್ದರೆ 100ಕ್ಕೇ ಕುದಿಯುತ್ತೆ. ಆದರೆ ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡಿ. ನಮ್ಮ ಚಿಕ್ಕಪ್ಪನ ಕೈ ಸುಟ್ಟಿದ್ದು ಹಾಗೇ.

ಕೋಟೆಬೆಟ್ಟ34
ರೆಡಿ ಕೂಲೆಂಟೇ ಸುರಿದಿದ್ದು, ನೀರು ಬೆರೆಸಿಲ್ಲ. ಮುಚ್ಚಳನೂ ಹೊಸದು.

ತೋರಣಗಲ್ಲು_ನೈಟ್‌ಶಿಫ್ಟ್
ಹಾಗಾದರೆ ಕಂಡೆನ್ಸರ್, ಅಂದರೆ ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ, ಧೂಳು ಕಟ್ಟಿರಬೇಕು. ನಾನು ದಿನಾ ಅದಿರು ಲಾರಿಗಳ ಹಿಂದೆ ಓಡಾಡುತ್ತೇನೆ. ಎರಡು ತಿಂಗಳಿಗೊಮ್ಮೆ ಗ್ರಿಲ್ ಬಿಚ್ಚಿಸಿ ಕಡಿಮೆ ಒತ್ತಡದ ನೀರಲ್ಲಿ ತೊಳೆಸುತ್ತೇನೆ, ಕೆಂಪು ಹಾಲಿನ ಹಾಗೆ ನೀರು ಇಳಿಯುತ್ತೆ. ಅದಕ್ಕೇ ನನ್ನ ಗಾಡಿ 1 ಲಕ್ಷ 40 ಸಾವಿರ ಓಡಿದರೂ ಎಸಿ ಗ್ಯಾಸ್ ಒಮ್ಮೆಯೂ ತುಂಬಿಸಿಲ್ಲ. ನಾಲ್ಕೂ ಗ್ಲಾಸಿಗೆ ಫಿಲ್ಮ್, ಒಳಗೆ ಎರಡು ಹೆಚ್ಚುವರಿ ಫ್ಯಾನ್, ಸೀಟಿಗೆ ಹತ್ತಿ ಬಟ್ಟೆ ಕವರ್. ಮೇ ತಿಂಗಳ ಮಧ್ಯಾಹ್ನವೂ ಆರಾಮ.

ಕೊಪ್ಪಳ_ಮೇಸ್ತ್ರಿ
ತೊಳೆಸುವುದು ಒಳ್ಳೆಯ ಅಭ್ಯಾಸ, ಎಲ್ಲರೂ ಮಾಡಬೇಕು. ಆದರೆ ಫಿಲ್ಮ್ ಅಂಟಿಸುವುದಕ್ಕೆ ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಅಂದಿದೆ, ದಂಡ ಬೀಳಬಹುದು.

ತೋರಣಗಲ್ಲು_ನೈಟ್‌ಶಿಫ್ಟ್
ನನ್ನದು ತೆಳು ಫಿಲ್ಮ್ ಅಣ್ಣ, ಇಲ್ಲಿ ತನಕ ಯಾರೂ ಹಿಡಿದಿಲ್ಲ.

ಸಿರುಗುಪ್ಪ_ಕಾಲುವೆ
ಧೂಳಿಗಿಂತ ಹೊಟ್ಟು ಜಾಸ್ತಿ ಅಪಾಯ. ಒಕ್ಕಣೆ ಕಾಲದಲ್ಲಿ ಗಾಡಿ ಓಡಿಸಿದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹೊಟ್ಟು ಹೋಗಿ ಕೂರುತ್ತೆ, ಹೊರಗಿನಿಂದ ಕಾಣಲ್ಲ.

ಗಂಗಾವತಿ_ಸೋನಾಮಸೂರಿ
ರಸ್ತೆ ಮೇಲೆ ಬೆಳೆ ಹರಡಿದರೆ ಹಾಗೇ ಆಗುವುದು. ರಾತ್ರಿ ಬೈಕಿನವರು ಜಾರಿ ಬೀಳುತ್ತಾರೆ, ಹುಲ್ಲು ಸೈಲೆನ್ಸರಿಗೆ ಸುತ್ತಿಕೊಂಡು ಬೆಂಕಿ ಹತ್ತುತ್ತೆ. ನಿಲ್ಲಿಸಬೇಕು ಇದನ್ನು.

ಸಿರುಗುಪ್ಪ_ಕಾಲುವೆ
ನಿಲ್ಲಿಸಬೇಕು ಸರಿ, ಎಲ್ಲಿ ಒಣಗಿಸಬೇಕು ಅದನ್ನೂ ಹೇಳಿ. ನಮ್ಮ ಊರಲ್ಲಿ ಕಣ ಮಾಡುವ ಜಾಗವೇ ಉಳಿದಿಲ್ಲ. ಮಳೆ ಮೋಡ ಕಂಡಾಗ ಭತ್ತ ಹಸಿ ಇದ್ದರೆ ಮಿಲ್ಲಿನವರೇ ದರ ಮುರಿಯುತ್ತಾರೆ. ರೈತರು ಖುಷಿಗೆ ರಸ್ತೆಗೆ ಬರುವುದಿಲ್ಲ.

ಗಂಗಾವತಿ_ಸೋನಾಮಸೂರಿ
ನಾನೂ ರೈತರ ಮನೆಯವನೇ. ಬೈಕಿನಿಂದ ಬಿದ್ದವರಲ್ಲಿ ನಮ್ಮ ಅಣ್ಣನೂ ಒಬ್ಬ, ಅದಕ್ಕೇ ಹೇಳಿದೆ.

ಕೊಪ್ಪಳ_ಮೇಸ್ತ್ರಿ
ಇಬ್ಬರದೂ ಸರಿ, ಆ ಮಾತು ಬೇರೆ ಕಡೆ ಆಡೋಣ. ಕೋಟೆಬೆಟ್ಟ ಅವರೇ, ಮೊದಲೇ ಕೇಳಬೇಕಿತ್ತು. ಇತ್ತೀಚೆಗೆ ಗಾಡಿಯ ಮುಂಭಾಗ ಏನಾದರೂ ಬಿಚ್ಚಿದ್ದಾರಾ?

ಕೋಟೆಬೆಟ್ಟ34
ಹೌದು. ಫೆಬ್ರವರಿಯಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ. ಬಂಪರ್, ಗ್ರಿಲ್, ಒಂದು ಹೆಡ್‌ಲೈಟ್, ಫ್ಯಾನ್ ಮೋಟಾರ್ ಹೊಸದು ಹಾಕಿದರು. ಆಗ ಚಳಿ ಇತ್ತು, ಎಸಿ ಹಾಕುತ್ತಿರಲಿಲ್ಲ, ಗಾಡಿ ಸರಿಯಾಗೇ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅನಿಸಲಿಲ್ಲ.

ಕೊಪ್ಪಳ_ಮೇಸ್ತ್ರಿ
ಫ್ಯಾನ್ ಮೋಟಾರ್ ಬದಲಿಸಿದ್ದಾರೆ! ಇನ್ನೇನೂ ಬಿಚ್ಚಬೇಡಿ, ಯಾರಿಗೂ ದುಡ್ಡು ಕೊಡಬೇಡಿ. ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ ಎಸಿ ಹಾಕಿ. ಫ್ಯಾನ್ ಶುರುವಾದ ಮೇಲೆ ಒಂದು ಹಾಳೆ ದಿನಪತ್ರಿಕೆಯನ್ನು ಗ್ರಿಲ್ ಮುಂದೆ ಹಿಡಿಯಿರಿ. ಹಾಳೆ ಗ್ರಿಲ್ಲಿಗೆ ಎಳೆದುಕೊಂಡು ಅಂಟಬೇಕು. ನಿಮ್ಮ ಕಡೆಗೆ ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ಬೇರೆ ಮೋಟಾರ್ ತಂದು ಕನೆಕ್ಟರ್ ಕೂರದೆ ವೈರ್ ಕತ್ತರಿಸಿ ಜೋಡಿಸಿದಾಗ ಎರಡು ವೈರ್ ಅದಲುಬದಲಾಗುವುದು ಉಂಟು. ನೋಡಿದವರಿಗೆ ಫ್ಯಾನ್ ತಿರುಗುವುದು ಮಾತ್ರ ಕಾಣುತ್ತೆ, ಯಾವ ಕಡೆ ಅಂತ ಗೊತ್ತಾಗಲ್ಲ. ಉಲ್ಟಾ ಇದ್ದರೆ ಎಂಜಿನ್ ಹತ್ತಿರದ ಬಿಸಿ ಗಾಳಿಯನ್ನೇ ರೇಡಿಯೇಟರ್ ಮೂಲಕ ಎಸಿ ಕಂಡೆನ್ಸರಿಗೆ ಊದುತ್ತೆ. ಹೈವೇಯಲ್ಲಿ ಎದುರುಗಾಳಿ ಅದನ್ನು ಮೀರಿ ಒಳಗೆ ಬರುತ್ತೆ, ಅದಕ್ಕೇ ಅಲ್ಲಿ ಎಲ್ಲ ಸರಿ.

ಗಂಗಾವತಿ_ಸೋನಾಮಸೂರಿ
ಇರಬಹುದು. ಆದರೆ ಲೋಕಲ್ ಥರ್ಮೋಸ್ಟಾಟ್ ಬಗ್ಗೆ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕೋಟೆಬೆಟ್ಟ34
ಹಾಳೆ ಹಾರಿ ನನ್ನ ಎದೆಗೆ ಬಂತು. ಮೂರು ಸಲ ಹಿಡಿದೆ, ಮೂರು ಸಲವೂ ಹಾಗೇ. ಕೌಲ್ ಬಜಾರಿನ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಟೇಪ್ ಬಿಚ್ಚಿ ಎರಡು ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿದರು, ಅರ್ಧ ಗಂಟೆ ಕೆಲಸ, 200 ರೂಪಾಯಿ. ಈಗ ಹಾಳೆ ಗ್ರಿಲ್ಲಿಗೆ ಅಂಟುತ್ತೆ. ಸಂಜೆ ಬೇಕಂತಲೇ ಸುಧಾ ಕ್ರಾಸ್‌ಗೆ ಹೋದೆ, ಗೇಟ್ ಬಿತ್ತು, ಎಸಿ ಹಾಕಿಕೊಂಡೇ ಕೂತೆ. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಮೇಸ್ತ್ರಿ ಅಣ್ಣ, ಎಂಜಿನ್ ಬಿಚ್ಚಿಸುವುದಕ್ಕೆ ಸೋಮವಾರ ಬರುತ್ತೇನೆ ಅಂತ ಹೇಳಿಬಿಟ್ಟಿದ್ದೆ ನಾನು. ನಿಮ್ಮ ಉಪಕಾರ ಮರೆಯುವುದಿಲ್ಲ. ಗಂಗಾವತಿ ಸರ್, ಥರ್ಮೋಸ್ಟಾಟ್ ಕಂಪನಿದೇ.

ಕೊಪ್ಪಳ_ಮೇಸ್ತ್ರಿ
ಸಂತೋಷ ಆಯ್ತು. ಸದ್ಯ ಕಂಡೆನ್ಸರ್ ಒಮ್ಮೆ ತೊಳೆಸಿ, ತೋರಣಗಲ್ಲಿನವರು ಹೇಳಿದ್ದು ಸರಿ ಇದೆ. ಇಷ್ಟು ಸಲ ಕಾದ ಎಂಜಿನ್ ಅದು, ಒಂದು ತಿಂಗಳು ದಿನಾ ಬೆಳಿಗ್ಗೆ ಕೂಲೆಂಟ್ ಮಟ್ಟ ನೋಡುತ್ತಾ ಇರಿ.

ರಾಯಚೂರು_ಡೀಸೆಲ್36
ನನ್ನ ಬಿಳಿ ಹೊಗೆ ಬಗ್ಗೆ ಯಾರಾದರೂ ಹೇಳಿ ಸರ್.

ಕೊಪ್ಪಳ_ಮೇಸ್ತ್ರಿ
ಕೂಲೆಂಟ್ ಕಮ್ಮಿ ಆಗುತ್ತಿದೆಯಾ? ಹೊಗೆ ಸಿಹಿ ವಾಸನೆ ಬರುತ್ತಾ, ಡೀಸೆಲ್ ವಾಸನೆಯಾ? ತಣ್ಣಗಿರುವ ಡೀಸೆಲ್ ಎಂಜಿನನ್ನು ಸ್ಟಾರ್ಟ್ ಮಾಡಲು ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಯಾವಾಗ ಬದಲಿಸಿದ್ದು?

ರಾಯಚೂರು_ಡೀಸೆಲ್36
ಗ್ಲೋ ಪ್ಲಗ್ ಇದುವರೆಗೂ ಬದಲಿಸಿಲ್ಲ. ವಾಸನೆ ಗಮನಿಸಿಲ್ಲ. ಈಗ ಸಿಂಧನೂರಿಗೆ ಹೊರಟಿದ್ದೇನೆ, ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ ನೋಡಿ ಬರೆಯುತ್ತೇನೆ.