ಎಂಎಂಆರ್ ಲಸಿಕೆಯ ಇಂಟ್ರಾಡರ್ಮಲ್ ಟೆಸ್ಟ್ ಪಾಸಿಟಿವ್: ಅಲರ್ಜಿ ಅಂತಲೇ ತಿಳಿಯಬೇಕಾ?

ಪ್ರಶ್ನೆ
ಮೊದಲ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಕೊಟ್ಟ 10 ನಿಮಿಷಕ್ಕೆ ಮಗುವಿಗೆ ಮೈತುಂಬ ಪಿತ್ತಗಂಧೆ, ಜೊತೆಗೆ ಉಬ್ಬಸ. 6 ವಾರ ಬಿಟ್ಟು ಅದೇ ಲಸಿಕೆಯಿಂದ ಚರ್ಮದ ಪರೀಕ್ಷೆ ಆಗಿದೆ. ಪ್ರಿಕ್ (ಹನಿ ಇಟ್ಟು ಚರ್ಮದ ಮೇಲ್ಪದರ ಚುಚ್ಚುವುದು) ನೆಗೆಟಿವ್. ಆಮೇಲೆ ಲಸಿಕೆಯನ್ನು ತೆಳು ಮಾಡದೆ 0.02 ಮಿ.ಲೀ. ಇಂಟ್ರಾಡರ್ಮಲ್ (ಸೂಜಿಯಿಂದ ಚರ್ಮದೊಳಗೆ) ಕೊಟ್ಟರೆ 7 ಮಿ.ಮೀ. ಉಬ್ಬು. ಮೊಟ್ಟೆ ತಿಂದರೆ ಏನೂ ಆಗಲ್ಲ. ಎರಡನೇ ಡೋಸ್ ಏನು ಮಾಡೋದು?

ಉತ್ತರ 1
ಆ 7 ಮಿ.ಮೀ. ನಂಬಬೇಡಿ. ತೆಳು ಮಾಡದ ಲಸಿಕೆ ಚರ್ಮದೊಳಗೆ ಹೋದರೆ ಅಲರ್ಜಿ ಇಲ್ಲದವರಿಗೂ ಉಬ್ಬುತ್ತೆ, ಅದು ಬರೀ ಕೆರಳಿಕೆ. 1:10ಕ್ಕೆ ತೆಳು ಮಾಡಿದ್ದು ಕೂಡ ಕೆಲವರಲ್ಲಿ ಹೀಗೇ ಮೋಸ ಮಾಡುತ್ತೆ. 1:100ರಲ್ಲಿ ಮತ್ತೆ ಮಾಡಿ: 0.1 ಮಿ.ಲೀ. ಲಸಿಕೆಗೆ 9.9 ಮಿ.ಲೀ. ಸಲೈನ್. ಪಕ್ಕದಲ್ಲೇ ಬರೀ ಸಲೈನ್ ಕೂಡ ಇಂಟ್ರಾಡರ್ಮಲ್ ಕೊಡಿ. 15–20 ನಿಮಿಷಕ್ಕೆ ಸಲೈನ್‌ಗಿಂತ 3 ಮಿ.ಮೀ. ಆದರೂ ದೊಡ್ಡ ಉಬ್ಬು ಬಂದರೆ ಮಾತ್ರ ಪಾಸಿಟಿವ್. ಮರುದಿನ ಗಟ್ಟಿಯಾಗಿ ಕೆಂಪಾದರೆ ಲೆಕ್ಕಕ್ಕಿಲ್ಲ.

ಹಿಸ್ಟಮಿನ್ ಪ್ರಿಕ್ (ಎಲ್ಲರಿಗೂ ಉಬ್ಬು ಬರಬೇಕಾದ ಹೋಲಿಕೆಯ ಚುಚ್ಚು) ಎದ್ದಿತ್ತಾ? ಏಳದಿದ್ದರೆ ನಿಮ್ಮ ನೆಗೆಟಿವ್‌ಗೂ ಅರ್ಥವಿಲ್ಲ. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆಗಳನ್ನು ವಾರ ಮೊದಲೇ ನಿಲ್ಲಿಸಿರಬೇಕು.

ಉತ್ತರ 2
ಮೊಟ್ಟೆಯನ್ನು ಬಿಡಿ, ಎಂಎಂಆರ್‌ಗೆ ಅದು ಅಡ್ಡಿಯೇ ಅಲ್ಲ. ಅನುಮಾನ ಪಡಬೇಕಾದ್ದು ಜೆಲಾಟಿನ್ (ಲಸಿಕೆ ಕೆಡದಂತೆ ಸೇರಿಸುವ ಪ್ರಾಣಿಜನ್ಯ ಪ್ರೋಟೀನ್) ಮೇಲೆ. ಆ ಬ್ರ್ಯಾಂಡ್‌ನಲ್ಲಿ ಇದೆಯಾ ಅಂತ ಡಬ್ಬಿಯೊಳಗಿನ ಚೀಟಿ ನೋಡಿ. ಇದ್ದರೆ ರಕ್ತದಲ್ಲಿ ಜೆಲಾಟಿನ್ ಐಜಿಇ (ಅಲರ್ಜಿ ತರುವ ಪ್ರತಿಕಾಯ) ನೋಡಿಸಿ. ಚರ್ಮಕ್ಕೆ, ಒಂದು ಟೀ ಚಮಚ ಜೆಲ್ಲಿ ಪುಡಿ 5 ಮಿ.ಲೀ. ಸಲೈನ್‌ನಲ್ಲಿ ಕರಗಿಸಿ ಪ್ರಿಕ್ ಮಾತ್ರ. ಅದು ಸ್ಟೆರೈಲ್ ಅಲ್ಲ, ಇಂಟ್ರಾಡರ್ಮಲ್ ಬೇಡವೇ ಬೇಡ. ಅಗರ್‌ನಿಂದ (ಕಡಲಕಳೆಯದು, ಜೆಲಾಟಿನ್ ಅಲ್ಲ) ಮಾಡಿದ ಜೆಲ್ಲಿ ತಂದರೆ ಟೆಸ್ಟ್ ದಂಡ. ಜೆಲ್ಲಿ ತಿಂದು ಏನೂ ಆಗದವರಿಗೂ ಚುಚ್ಚಿದಾಗ ಆಗುವುದುಂಟು. ನಿಯೋಮೈಸಿನ್ (ಲಸಿಕೆಯಲ್ಲಿ ಅತ್ಯಲ್ಪ ಇರುವ ಆ್ಯಂಟಿಬಯೋಟಿಕ್) ಹಚ್ಚಿ ಬರುವ ಕಜ್ಜಿ ಬೇರೆ ಬಗೆಯದು, ಅದಕ್ಕೆ ಲಸಿಕೆ ತಪ್ಪಿಸಬೇಕಿಲ್ಲ.

ಪ್ರಶ್ನೆ ಕೇಳಿದವರು
1:100ರಲ್ಲೂ ಪಾಸಿಟಿವ್ ಬಂದರೆ?

ಉತ್ತರ 1
ಮೊದಲು ದಡಾರ, ರುಬೆಲ್ಲಾ ಐಜಿಜಿ (ರಕ್ಷಣೆ ಕೊಡುವ ಪ್ರತಿಕಾಯ) ನೋಡಿ. ಸಾಕಷ್ಟಿದ್ದರೆ ಆತುರವಿಲ್ಲ. ಕೊಡಲೇಬೇಕಾದರೆ ಹಂತಹಂತವಾಗಿ, 15 ನಿಮಿಷಕ್ಕೊಂದು: 1:10 ಮಾಡಿದ್ದು 0.05 ಮಿ.ಲೀ., ಆಮೇಲೆ ತೆಳು ಮಾಡದ್ದು 0.05, 0.1, 0.15, 0.2. ಕೊನೆಯದಾದ ಮೇಲೆ ಕನಿಷ್ಠ ಅರ್ಧ ಗಂಟೆ ಕೂರಿಸಿ. ಅಡ್ರಿನಲಿನ್ (ಮಿ.ಲೀ.ಗೆ 1 ಮಿ.ಗ್ರಾಂ) ಕಿಲೋಗೆ 0.01 ಮಿ.ಲೀ. ಲೆಕ್ಕದಲ್ಲಿ, ತೊಡೆಯ ಸ್ನಾಯುವಿಗೆ ಕೊಡಲು ಕೈಗೆಟಕುವಂತಿರಲಿ. ಸೂಜಿ ಅಂಟಿಕೊಂಡೇ ಇರುವ 1 ಮಿ.ಲೀ. ಸಿರಿಂಜ್ ಬಳಸಿ. ಬಿಡಿ ಸೂಜಿ ಹಾಕಿದರೆ ಬುಡದಲ್ಲಿ ಮದ್ದು ಉಳಿದು 0.05ರ ಲೆಕ್ಕವೇ ತಪ್ಪುತ್ತೆ. ಹಂತಗಳ ನಡುವೆ ಕಲಸಿದ ಲಸಿಕೆ ತಂಪಲ್ಲಿ, ಬೆಳಕು ಬೀಳದಂತೆ ಇರಲಿ.