ಕಡ್ಡಾಯ ಮತದಾನ ಬಂದರೆ ಡ್ಯೂಟಿಯಲ್ಲಿದ್ದವರಿಗೂ ದಂಡ ಹಾಕ್ತಾರಾ?

ರಾತ್ರಿಪಾಳಿ (ಪ್ರಶ್ನೆ):

ನಾನು ಐಸಿಯುನಲ್ಲಿ ನರ್ಸ್. ಕಳೆದ ಚುನಾವಣೆ ದಿನ ನನಗೆ ಹಗಲು ಪಾಳಿ. ಮುಗಿಸಿಕೊಂಡು ನೆಟ್ಟಗೆ ಬೂತಿಗೆ ಹೋಗೋಣ ಅಂತ ವೋಟರ್ ಐಡಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಒಬ್ಬರ ಬಿಪಿ ಇಳಿಯತೊಡಗಿತು. ನನ್ನನ್ನು ಬಿಡಿಸಬೇಕಾದವಳು ಇನ್ನೂ ಬಂದಿರಲಿಲ್ಲ. ಯಾಕೆ ಗೊತ್ತಾ? ಅವಳು ವೋಟು ಹಾಕಲು ಕ್ಯೂನಲ್ಲಿ ನಿಂತಿದ್ದಳು! ಅವಳು ಬಂದ ಮೇಲೆ ಯಾವ ಪಂಪಿನಲ್ಲಿ ಯಾವ ಔಷಧಿ ಎಷ್ಟು ಹೋಗುತ್ತಿದೆ ಅಂತ ಒಂದೊಂದಾಗಿ ತೋರಿಸಿ, ಚಾರ್ಟ್ ಬರೆದು, ಹ್ಯಾಂಡೋವರ್ ಕೊಟ್ಟು ಓಡಿದೆ. ಬೂತಿನ ಗೇಟು ಹಾಕಿಯಾಗಿತ್ತು.

ಅದಾದ ವಾರಕ್ಕೆ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಭಾವ ಶುರು ಮಾಡಿದರು. ವೋಟು ಹಾಕದವರಿಗೆ ದಂಡ ಹಾಕಬೇಕು, ಪಾಸ್‌ಪೋರ್ಟ್ ಕೊಡಬಾರದು, ಸರ್ಕಾರದ ಯಾವ ಸವಲತ್ತೂ ಸಿಗಬಾರದು ಅಂತ. ಎಲ್ಲರೂ ಹೌದು ಹೌದು ಅಂದರು. ನಾನು ಶಾಯಿ ಇಲ್ಲದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುಮ್ನೆ ಕೂತಿದ್ದೆ.

ಹಾಗಂತ ಭಾವನ ಮಾತು ಪೂರ್ತಿ ತಪ್ಪು ಅಂತ ನನಗೆ ಅನಿಸುವುದಿಲ್ಲ. ಅದೇ ದಿನ ರಜೆ ಹಾಕಿ ಟ್ರಿಪ್ ಹೋದವರೂ ನಮ್ಮಲ್ಲಿದ್ದಾರೆ. ಅವರ ಪಾಳಿಯನ್ನೂ ನಾವೇ ತುಂಬಿದ್ದು. ಅವರಿಗೂ ನನಗೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಇಬ್ಬರೂ 'ಮತ ಹಾಕದವರು'.

ನಿಜವಾಗಿ ಕಡ್ಡಾಯ ಇರುವ ದೇಶಗಳಲ್ಲಿ ನನ್ನಂಥವರನ್ನು ಏನು ಮಾಡುತ್ತಾರೆ? ಮತ್ತೆ, ನಿಂತವರಲ್ಲಿ ಯಾರೂ ಬೇಡ ಅನ್ನುವವರನ್ನು ಏನು ಮಾಡುತ್ತಾರೆ? ಗೊತ್ತಿದ್ದವರು ಹೇಳಿ. ದಯವಿಟ್ಟು ಪಕ್ಷದ ಜಗಳ ಬೇಡ.

ಹಳೇ ಮೇಷ್ಟ್ರು:

ಮೇಡಂ, ನಾನು ನಿವೃತ್ತ ಶಿಕ್ಷಕ. ಚುನಾವಣೆ ಡ್ಯೂಟಿ ಸಾಕಷ್ಟು ಮಾಡಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದನ್ನು ನಾನು ಮೇಜಿನ ಈಚೆಯಿಂದ ನೋಡಿದ್ದೇನೆ.

ನಮ್ಮ ದೇಶದ ಬೂತಿನಲ್ಲಿ 17ಎ ಅಂತ ಒಂದು ರಿಜಿಸ್ಟರ್ ಇರುತ್ತದೆ. ಮತದಾರರು ಬಂದು ಅದರಲ್ಲಿ ಸಹಿ ಹಾಕಿದ ಮೇಲೆಯೇ ಮತಯಂತ್ರದ ಕಡೆ ಕಳಿಸುವುದು. ಒಂದು ಸಲ ಒಬ್ಬ ಅಜ್ಜಿ ಸಹಿ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಯಂತ್ರದ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು. "ನಾನು ಒತ್ತಲ್ಲಪ್ಪ" ಅಂದರು. ಪೋಲಿಂಗ್ ಏಜೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಅದಕ್ಕೂ ನಿಯಮ ಇದೆ, 49ಓ. ಅವರ ಹೆಸರಿನ ಮುಂದೆ ಮತ ಹಾಕಲು ನಿರಾಕರಿಸಿದ್ದಾರೆ ಅಂತ ಷರಾ ಬರೆದು, ಅವರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ತೊಂದರೆ ಏನು ಅಂದರೆ, ಕೂತಿದ್ದ ಏಜೆಂಟರಿಗೆಲ್ಲ ಅದು ಗೊತ್ತಾಗಿಬಿಡುತ್ತದೆ. ಗುಟ್ಟು ಎಲ್ಲಿ ಉಳಿಯಿತು? ಹಾಕುವವರ ಗುಟ್ಟಿಗೆ ಇರುವ ರಕ್ಷಣೆ ಹಾಕದವರಿಗೂ ಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಂತ್ರದಲ್ಲಿ ನೋಟಾ ಗುಂಡಿ ಬಂದದ್ದು ಹಾಗೆ.

ಇನ್ನು ದಂಡದ ವಿಷಯ. ಗುಜರಾತಿನಲ್ಲಿ ಸ್ಥಳೀಯ ಚುನಾವಣೆಗೆ ಕಡ್ಡಾಯ ಮಾಡುವ ಮಸೂದೆ 2009ರಲ್ಲಿ ಪಾಸಾಯಿತು, ರಾಜ್ಯಪಾಲರ ಅಂಕಿತ ಬಿದ್ದದ್ದು 2014ರಲ್ಲಿ. 2015ರಲ್ಲಿ 100 ರೂಪಾಯಿ ದಂಡ ಅಂತ ನಿಯಮ ಬಂತು, ಅದೇ ವರ್ಷ ಹೈಕೋರ್ಟ್ ತಡೆ ಕೊಟ್ಟಿತು. ಕಾನೂನು ಆಯೋಗವೂ ಅದೇ ವರ್ಷ, ತನ್ನ 255ನೇ ವರದಿಯಲ್ಲಿ, ಕಡ್ಡಾಯ ಬೇಡ ಅಂದಿತು.

ನಿಮ್ಮ ಭಾವ ಹೇಳುವುದು ಬ್ರೆಜಿಲ್‌ನ ಪದ್ಧತಿ. ಅಲ್ಲಿ 18ರಿಂದ 70ರವರೆಗೆ ಕಡ್ಡಾಯ. ವೋಟೂ ಹಾಕದೆ, ಕಾರಣವೂ ಕೊಡದೆ, ದಂಡವೂ ಕಟ್ಟದೆ ಇದ್ದರೆ ಪಾಸ್‌ಪೋರ್ಟ್ ಸಿಗುವುದಿಲ್ಲ, ಸರ್ಕಾರಿ ಕೆಲಸಕ್ಕೆ ಸೇರುವ ಹಾಗಿಲ್ಲ. ಇಷ್ಟಾದರೂ 2022ರ ಮೊದಲ ಸುತ್ತಿನಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಬರಲಿಲ್ಲ. ಅಲ್ಲಿನ ದಂಡ ತೀರಾ ಚಿಲ್ಲರೆ ಅನ್ನುವುದೂ ನಿಜ. ಹೆದರಿಕೆಗೂ ಒಂದು ಮಿತಿ ಇದೆ ಅಲ್ವಾ?

ಸುಮ್ನಿರೋನು:

ಬರದವರ ಪರ ಯಾರಾದರೂ ಮಾತಾಡಬೇಕಲ್ಲ, ನಾನು ಮಾತಾಡುತ್ತೇನೆ.

ಮಾತಾಡುವ ಹಕ್ಕು ಇದ್ದರೆ ಬಾಯಿ ಮುಚ್ಚಿಕೊಂಡಿರುವ ಹಕ್ಕೂ ಇರಬೇಕು. ನೋಟಾ ಇದೆಯಲ್ಲ, ಬಂದು ಅದನ್ನೇ ಒತ್ತು ಅನ್ನುತ್ತಾರೆ. ಒತ್ತಿದರೆ ಏನಾಗುತ್ತದೆ? ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಅದರ ನಂತರದವರೇ ಗೆದ್ದ ಹಾಗೆ. ಅಷ್ಟಕ್ಕೆ ನಾನು ಬಿಸಿಲಲ್ಲಿ ಯಾಕೆ ನಿಲ್ಲಲಿ?

ನೆದರ್‌ಲ್ಯಾಂಡ್ಸ್ ನೋಡಿ. 1917ರಿಂದ ಕಡ್ಡಾಯ ಇತ್ತು. ಸುಮಾರು ಐವತ್ತು ವರ್ಷ ನಡೆಸಿ ಕೈಬಿಟ್ಟರು. ಕೈಬಿಟ್ಟ ಮೇಲೆ 1971ರ ಸಂಸತ್ ಚುನಾವಣೆಯಲ್ಲಿ ಮತದಾನ ಶೇ 95ರ ಆಸುಪಾಸಿನಿಂದ ಶೇ 79ಕ್ಕೆ ಇಳಿಯಿತು. ಏನು, ಆ ದೇಶ ಮುಳುಗಿಹೋಯಿತಾ? ಬಾರದೆ ಉಳಿದವರು ಎಷ್ಟು ಜನ ಅಂತ ನಿಜ ಲೆಕ್ಕ ಸಿಕ್ಕಿತು, ಅಷ್ಟೆ. ಜನ ಬರುತ್ತಿಲ್ಲ ಅಂದರೆ ಅದು ಜ್ವರ. ನೀವು ನರ್ಸ್, ನಿಮಗೆ ಅರ್ಥವಾಗುತ್ತದೆ: ಕಡ್ಡಾಯ ಮಾಡುವುದು ಅಂದರೆ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ಜ್ವರ ಇಳಿಯಿತು ಅಂದ ಹಾಗೆ.

ದಂಡ ಕಟ್ಟುವವರು ಯಾರು ಅನ್ನುವುದನ್ನೂ ಯೋಚಿಸಿ. ದುಡ್ಡಿದ್ದವನಿಗೆ ಅದು ಟ್ರಿಪ್ಪಿನ ಖರ್ಚಿನಲ್ಲಿ ಸೇರಿಹೋಗುತ್ತದೆ. ದಿನಗೂಲಿಯವನಿಗೆ ಕೂಲಿಯೂ ಹೋಯಿತು, ದಂಡವೂ ಬಿತ್ತು.

ಮೆಲ್ಬರ್ನ್ ಕನ್ನಡತಿ:

ರಾತ್ರಿಪಾಳಿ ಅವರೇ, ನಾನು ಇಲ್ಲಿನ ಸಿಟಿಜನ್ ಆದ ಮೇಲೆ ವೋಟು ಹಾಕುತ್ತಾ ಬಂದಿದ್ದೇನೆ. ಇಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ತೀರ್ಮಾನ ನಿಮ್ಮದು.

ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಗೆ ಬಂದವರು ಶೇ 60ಕ್ಕಿಂತ ಕಡಿಮೆ. 1924ರಲ್ಲಿ ಟಾಸ್ಮೇನಿಯಾದ ಹರ್ಬರ್ಟ್ ಪೇನ್ ಅನ್ನುವ ಸೆನೆಟರ್ ಒಂದು ಖಾಸಗಿ ಮಸೂದೆ ತಂದರು. ಹೆಚ್ಚು ಚರ್ಚೆಯೇ ಇಲ್ಲದೆ ಪಾಸಾಯಿತು. 1925ರಲ್ಲಿ ಶೇ 91 ಮಂದಿ ಬಂದರು. 2022ರ ತನಕ ಅದು 90ರ ಕೆಳಗೆ ಇಳಿಯಲೇ ಇಲ್ಲ.

ಒಳಗೆ ಹೋದರೆ ಎರಡು ಕಾಗದ ಕೊಡುತ್ತಾರೆ. ಕೆಳಮನೆಗೆ ಹಸಿರು ಬಣ್ಣದ್ದು, ಚಿಕ್ಕದು. ಸೆನೆಟ್‌ಗೆ ಬಿಳಿಯದು, ಆ ರಟ್ಟಿನ ಗೂಡಿನಲ್ಲಿ ಬಿಚ್ಚಿ ಹರಡಲೂ ಆಗದಷ್ಟು ಅಗಲ. ಅದನ್ನು ಮಡಚುವುದೇ ಒಂದು ಸಾಹಸ ಬಿಡಿ. ನೀವು ಅದರಲ್ಲಿ ಏನು ಬರೆದಿರಿ, ಖಾಲಿ ಬಿಟ್ಟಿರಾ, ಯಾರೂ ನೋಡುವುದಿಲ್ಲ. ಕಾನೂನು ಏನೇ ಹೇಳಲಿ, ಅವರಿಗೆ ಗೊತ್ತಾಗುವುದು ನೀವು ಬಂದಿರಿ ಅನ್ನುವುದು ಮಾತ್ರ. ಸುಮ್ನಿರೋನು ಅವರೇ, ನಿಮ್ಮಂಥವರು ಇಲ್ಲಿ ಖಾಲಿ ಕಾಗದ ಹಾಕಿ ಹೋಗುತ್ತಾರೆ. ಕೆಳಮನೆ ಚುನಾವಣೆಯಲ್ಲಿ ಸುಮಾರು ಶೇ 5 ಮತ ಅಸಿಂಧು ಆಗುತ್ತದೆ, ಎಲ್ಲವೂ ಬೇಕಂತಲೇ ಮಾಡಿದ್ದಲ್ಲ. ಇಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ ನಂಬರ್ ಹಾಕಬೇಕು. ಕೆಲವರು ಯೋಚಿಸದೆ ಮೇಲಿನಿಂದ ಕೆಳಗೆ 1, 2, 3 ಅಂತ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದಕ್ಕೆ ಇಲ್ಲಿ ಕತ್ತೆ ವೋಟು ಅಂತಲೇ ಹೆಸರು. ಮೊದಲೆಲ್ಲ ಹೆಸರುಗಳು ಅಕ್ಷರ ಕ್ರಮದಲ್ಲಿ ಇರುತ್ತಿದ್ದವು. 'ಎ' ಇಂದ ಶುರುವಾಗುವ ಹೆಸರಿನವರಿಗೆ ಪುಕ್ಕಟೆ ವೋಟು! 1984ರಿಂದ ಚೀಟಿ ಎತ್ತಿ ಕ್ರಮ ಮಾಡುತ್ತಾರೆ.

ಹೋಗದಿದ್ದರೆ ಪತ್ರ ಬರುತ್ತದೆ: ಕಾರಣ ಕೊಡಿ, ಇಲ್ಲವೇ 20 ಡಾಲರ್ ಕಟ್ಟಿ. ಒಪ್ಪುವ ಕಾರಣ ಯಾವುದು ಅನ್ನುವುದಕ್ಕೆ 1926ರ ಜಡ್ ವಿರುದ್ಧ ಮೆಕಿಯನ್ ಕೇಸಿನ ತೀರ್ಪನ್ನು ಈಗಲೂ ತೋರಿಸುತ್ತಾರೆ. ಜಡ್ ಅನ್ನುವವರು ಸಮಾಜವಾದಿ. ಎಲ್ಲ ಅಭ್ಯರ್ಥಿಗಳೂ ಬಂಡವಾಳಶಾಹಿ ಪರ, ನಾನು ಯಾರಿಗೂ ಹಾಕಲ್ಲ ಅಂದರು. ಕೋರ್ಟ್ ಒಪ್ಪಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ಕಾಯಿಲೆ, ಅಪಘಾತ ಇವನ್ನೆಲ್ಲ ಒಪ್ಪಬಹುದು ಅಂದರು. ಬೂತಿಗೆ ಹೊರಟವರು ಯಾರದೋ ಜೀವ ಉಳಿಸಲು ದಾರಿ ಬದಲಿಸಿದರೆ ಅದೂ ಸರಿಯಾದ ಕಾರಣವೇ ಅಂದರು. ನಿಮ್ಮ ಕೇಸು ಅಚ್ಚುಕಟ್ಟಾಗಿ ಅದರೊಳಗೆ ಕೂರುತ್ತದೆ.

ಇನ್ನೊಂದು ವಿಚಿತ್ರ ಹೇಳಲೇಬೇಕು. ಅಂಟಾರ್ಕ್ಟಿಕಾದಲ್ಲಿ ಕೆಲಸ ಮಾಡುವವರಿಗೆ ವೋಟು ಕಡ್ಡಾಯ ಅಲ್ಲ. ಅಲ್ಲಿಂದ ಬರುವ ವೋಟಿನ ಗುಟ್ಟು ಕಾಪಾಡುತ್ತೇವೆ ಅಂತ ಭರವಸೆ ಕೊಡಲು ಆಗುವುದಿಲ್ಲ, ಅದಕ್ಕೆ!

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಅಂಟಾರ್ಕ್ಟಿಕಾ ಓದಿದ ಮೇಲೆ ನನಗೆ ಬೇಕಾದ ಉತ್ತರ ಸಿಕ್ಕಿತು ಅನಿಸುತ್ತಿದೆ. ಗುಟ್ಟು ಕಾಪಾಡುವುದು ಸರ್ಕಾರದ ಕೆಲಸ. ಅದು ತನ್ನ ಕೈಯಲ್ಲಿ ಆಗದ ಕಡೆ ಜನರ ಮೇಲೂ ಒತ್ತಾಯ ಹೇರಲಿಲ್ಲ. ನಾನು ದಂಡಕ್ಕೆ ಒಪ್ಪುವುದೂ ಇದೇ ಷರತ್ತಿನ ಮೇಲೆ. ಬೂತನ್ನು ನನ್ನ ತನಕ ತಲುಪಿಸಲಿ, ಆಮೇಲೂ ಹಾಕದಿದ್ದರೆ ನೋಟಿಸ್ ಕಳಿಸಲಿ, ಕಟ್ಟುತ್ತೇನೆ. ಟ್ರಿಪ್ ಹೋದವರೂ ಕಟ್ಟಲಿ.

ಸುಮ್ನಿರೋನು ಸರ್, ಥರ್ಮಾಮೀಟರ್ ಮಾತು ಚೆನ್ನಾಗಿದೆ. ಆದರೆ ಬಾರದವರೆಲ್ಲ ನಿಮ್ಮ ಹಾಗೆ ಯೋಚಿಸಿ ಬಾರದವರಲ್ಲ. ನಮ್ಮ ವಾರ್ಡಿನ ಆಯಾಗಳು, ಅಟೆಂಡರುಗಳು ಬಾರದೆ ಇದ್ದದ್ದು ಸಿಟ್ಟಿನಿಂದಲ್ಲ, ಬದಲಿ ಸಿಗದೆ. ಅವರನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಂಡರೆ ಅದು ಹೇಗೆ ನಿಜ ಲೆಕ್ಕ ಆಗುತ್ತದೆ?

ನಿನ್ನೆ ರಾತ್ರಿ ಡ್ಯೂಟಿಯ ಬ್ರೇಕಿನಲ್ಲಿ ಚಿಲಿ ದೇಶದ ಬಗ್ಗೆ ಓದುತ್ತಿದ್ದೆ. 2012ರಲ್ಲಿ ಕಡ್ಡಾಯ ತೆಗೆದರು. ಹೊಸ ಸಂವಿಧಾನ ಬೇಕಾ ಅಂತ 2020ರಲ್ಲಿ ಕೇಳಿದಾಗ ಬಂದವರು ಶೇ 51, ಅದರಲ್ಲಿ ಶೇ 78 ಮಂದಿ ಬೇಕು ಅಂದರು. ಕರಡು ತಯಾರಾಯಿತು. 2022ರಲ್ಲಿ ಅದಕ್ಕೆ ಒಪ್ಪಿಗೆ ಕೇಳುವಾಗ ಮತದಾನ ಕಡ್ಡಾಯ ಮಾಡಿದರು, ಶೇ 86ರಷ್ಟು ಜನ ಬಂದರು. ಶೇ 62 ಮಂದಿ ಬೇಡ ಅಂದುಬಿಟ್ಟರು! ಎರಡು ಪ್ರಶ್ನೆ ಒಂದೇ ಅಲ್ಲ, ಕರಡು ಇಷ್ಟವಾಗದವರೂ ಇದ್ದರು, ಅದು ಸರಿ. ಆದರೂ ಮೊದಲ ಸಲ ಮನೆಯಲ್ಲಿ ಉಳಿದವರ ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೂ ಅಂದಾಜು ಇರಲಿಲ್ಲ ಅಲ್ವಾ? ಮರುವರ್ಷ ಅಲ್ಲಿ ಕಡ್ಡಾಯ ವಾಪಸ್ ಬಂತು.

ಮೇಷ್ಟ್ರೇ, ಒಂದು ಪ್ರಶ್ನೆ. ಚುನಾವಣೆ ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಅಂತಾರಲ್ಲ, ಅದು ನಮಗೆ ಯಾಕಿಲ್ಲ?

ಸುಮ್ನಿರೋನು:

ಬದಲಿ ಸಿಗದೆ ಬಾರದವರ ಮಾತು ಒಪ್ಪಿದೆ ಮೇಡಂ. ಹಾಗಿದ್ದರೆ ಕಡ್ಡಾಯ ಮಾಡಬೇಕಾದ್ದು ಬದಲಿ ಕೊಡುವುದನ್ನು. ಮತದಾರನ ಮೇಲೆ ಯಾಕೆ? ನಿಮ್ಮ ಷರತ್ತು ಪೂರ್ತಿಯಾದರೂ ನಾನು ಮನೆಯಲ್ಲೇ ಇರುತ್ತೇನೆ, ನೋಟಿಸ್ ಬಂದರೆ ಕೋರ್ಟಿಗೆ ಹೋಗುತ್ತೇನೆ.

ಹಳೇ ಮೇಷ್ಟ್ರು:

ರಜೆಯ ನಿಯಮ ಇರುವುದು ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ನಿನಲ್ಲಿ. ಕೊನೆಯಲ್ಲಿ ಒಂದು ಬಾಲ ಇದೆ: ಯಾರು ಕೆಲಸ ಬಿಟ್ಟು ಬಂದರೆ ಅಪಾಯವೋ ದೊಡ್ಡ ನಷ್ಟವೋ ಆಗುತ್ತದೋ ಅವರಿಗೆ ಇದು ಅನ್ವಯಿಸುವುದಿಲ್ಲ. ಐಸಿಯು ನರ್ಸ್ ಅಂದರೆ ಸೀದಾ ಅದರಲ್ಲೇ ಬರುತ್ತೀರಿ. ಇಂಥವರಿಗೆ ರಜೆ ಬೇಡ ಅಂದ ಕಾನೂನು ಆಮೇಲೆ ಇವರಿಗೇ ದಂಡ ಹಾಕಿದರೆ ಹೇಗಿರುತ್ತದೆ? ಕಡ್ಡಾಯ ಬೇಕು ಅನ್ನುವವರು ಮೊದಲು ಆ ಬಾಲದ ಕಡೆ ನೋಡಲಿ.

ಮುಂದಿನ ಸಲಕ್ಕೆ ಒಂದೆರಡು ವಿಷಯ ತಿಳಿದುಕೊಂಡಿರಿ. ಸಮಯ ಮುಗಿಯುವ ಹೊತ್ತಿಗೆ ಕ್ಯೂನಲ್ಲಿ ಇದ್ದರೆ ಸಾಕು, ವಾಪಸ್ ಕಳಿಸುವ ಹಾಗಿಲ್ಲ. ನಾವು ಕ್ಯೂನ ಕೊನೆಯಲ್ಲಿ ನಿಂತವರಿಂದ ಶುರು ಮಾಡಿ ಮುಂದಕ್ಕೆ ಚೀಟಿ ಕೊಡುತ್ತಾ ಬರುತ್ತೇವೆ, ಹಿಂದಿನಿಂದ ಹೊಸಬರು ಸೇರಬಾರದು ಅಂತ. ಆಮೇಲೆ ರಾತ್ರಿಯಾದರೂ ಸರಿ, ಚೀಟಿ ಇದ್ದವರೆಲ್ಲ ಹಾಕಿಯೇ ಹೋಗುವುದು.

ಅಂಚೆ ಮತಪತ್ರವೂ ಇದೆ. ಅಗತ್ಯ ಸೇವೆಯವರು ಯಾರ್ಯಾರು ಅಂತ ಚುನಾವಣಾ ಆಯೋಗ ಪಟ್ಟಿ ಹೊರಡಿಸುತ್ತದೆ. ನಿಮ್ಮ ಕೆಲಸ ಅದರಲ್ಲಿದ್ದರೆ 12ಡಿ ಫಾರಂ ತುಂಬಿ, ನಿಮ್ಮ ಸಂಸ್ಥೆಯ ನೋಡಲ್ ಅಧಿಕಾರಿಯಿಂದ ದೃಢೀಕರಿಸಿಕೊಂಡು ಚುನಾವಣಾಧಿಕಾರಿಗೆ ಕೊಡಬೇಕು. ಅಧಿಸೂಚನೆ ಹೊರಟ 5 ದಿನದೊಳಗೆ ತಲುಪಬೇಕು, ಅಲ್ಲೇ ಎಲ್ಲರೂ ಎಡವುವುದು. ಪಾಳಿ ಪಟ್ಟಿ ಹಾಕುವ ಇನ್‌ಚಾರ್ಜ್ ಸಿಸ್ಟರಿಗೆ ಈಗಲೇ ಹೇಳಿಡಿ. ಆಯಾಗಳ ಹೆಸರೂ ಸೇರಿಸಿ ಕೇಳಿ.